ನಾಲ್ಕು ಗಂಟೆಯ ಅಜ್ಜ, ಮೂರು ಗಂಟೆಯ ಮೊಮ್ಮಗ

ಭಾನುವಾರ ಮಧ್ಯಾಹ್ನ ಯಾವ ಊರಿನ ರನ್ನಿಂಗ್ ಕ್ಲಬ್ಬಿನ ವಾಟ್ಸ್‌ಆ್ಯಪ್ ಗುಂಪನ್ನಾದರೂ ತೆರೆದು ನೋಡಿ. ಬೆಳಿಗ್ಗೆ ನಡೆದ ಓಟದ ಫಲಿತಾಂಶ ಅಷ್ಟು ಹೊತ್ತಿಗೆ ಬಂದಿರುತ್ತದೆ. ಬಿಬ್ ಸಂಖ್ಯೆ, ಹೆಸರು, ಚಿಪ್ ಟೈಮ್. ಮೂರು ಗಂಟೆಗೆ ಮ್ಯಾರಥಾನ್ ಮುಗಿಸಿದ ಇಪ್ಪತ್ತೈದರ ಹುಡುಗನಿಗೆ ಅಭಿನಂದನೆಗಳು ಸಾಲುಗಟ್ಟಿರುತ್ತವೆ. ಅವನ ಪೇಸ್ ಎಷ್ಟು, ಯಾವ ಶೂ ಹಾಕಿದ್ದ, ಮೂವತ್ತನೇ ಕಿಲೋಮೀಟರ್ ಆದಮೇಲೆ ಹೇಗೆ ತಡೆದುಕೊಂಡ ಎಂದು ಎಲ್ಲರೂ ಕೇಳುತ್ತಾರೆ. ಅದೇ ಪಟ್ಟಿಯಲ್ಲಿ ಬಹಳ ಕೆಳಗೆ, ನಾಲ್ಕು ಗಂಟೆಯ ಆಸುಪಾಸಿನಲ್ಲಿ, ಎಪ್ಪತ್ತು ದಾಟಿದ ಹಿರಿಯರೊಬ್ಬರ ಹೆಸರಿರುತ್ತದೆ. ಅವರಿಗೆ ಕೈಮುಗಿದ ಚಿತ್ರ ಎರಡು, ‘ನೀವೇ ನಮಗೆ ಸ್ಫೂರ್ತಿ ಸರ್’ ಎಂಬ ಮಾತು ಒಂದು. ಅವರ ಪೇಸ್ ಎಷ್ಟೆಂದು ಯಾರೂ ಕೇಳುವುದಿಲ್ಲ. ಹುಡುಗನ ಓಟವನ್ನು ಓಟವಾಗಿ ನೋಡಿದೆವು. ಹಿರಿಯರ ಓಟವನ್ನು ವಯಸ್ಸಿಗೆ ಸಲ್ಲಿಸುವ ನಮಸ್ಕಾರದಲ್ಲೇ ಮುಗಿಸಿದೆವು.

ಆದರೆ ಲೆಕ್ಕ ಹಾಕಿದರೆ ಆ ದಿನ ಕ್ಲಬ್ಬಿನ ಅತ್ಯುತ್ತಮ ಓಟ ಹಿರಿಯರದು. ಅವರ ಮೇಲಿನ ಅಭಿಮಾನದಿಂದ ಹೇಳುವ ಮಾತಲ್ಲ ಇದು, ಭಾಗಾಕಾರ ಬಲ್ಲವರು ಯಾರಾದರೂ ಕೂತು ಪರೀಕ್ಷಿಸಬಹುದಾದ ಸಂಗತಿ. ಅದೇ ಪಟ್ಟಿಯಲ್ಲಿ 10ಕೆ ಓಡಿದ ಹದಿನಾಲ್ಕರ ಹುಡುಗಿಯೊಬ್ಬಳಿದ್ದರೆ, ಅವಳ ಟೈಮನ್ನು ಓದಬೇಕಾದ ರೀತಿ ಈ ಇಬ್ಬರದಕ್ಕಿಂತಲೂ ಬೇರೆ. ಒಂದೇ ಗಡಿಯಾರದಲ್ಲಿ ಅಳೆದ ಮೂರು ಅಂಕಿಗಳು ಮೂರು ಬೇರೆ ಬೇರೆ ವಿಷಯ ಹೇಳುತ್ತಿರುತ್ತವೆ. ನಮ್ಮ ಕ್ಲಬ್ಬುಗಳು ಈ ವ್ಯತ್ಯಾಸವನ್ನು ಕಲಿಯುವ ಕಾಲ ಬಂದಿದೆ. ಇವತ್ತು ಕಬ್ಬನ್ ಪಾರ್ಕಿನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ಬೆಳಗಿನ ಜಾವ ಓಡುವವರಲ್ಲಿ ನಿವೃತ್ತರೂ ಇದ್ದಾರೆ, ಶಾಲೆಯ ಮಕ್ಕಳೂ ಇದ್ದಾರೆ.

2011ರ ಅಕ್ಟೋಬರ್ 16ರಂದು ಕೆನಡಾದಲ್ಲಿ ಟೊರಾಂಟೊ ವಾಟರ್‌ಫ್ರಂಟ್ ಮ್ಯಾರಥಾನ್ ನಡೆಯಿತು. ಅವತ್ತು ಅಲ್ಲಿ ಓಡಿದವರಲ್ಲಿ ಇಬ್ಬರು ಹಿರಿಯರಿದ್ದರು. ಒಬ್ಬರು ಪಂಜಾಬಿನ ಜಲಂಧರ್ ಬಳಿಯ ಬಿಯಾಸ್ ಪಿಂಡ್ ಹಳ್ಳಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಫೌಜಾ ಸಿಂಗ್. ಪಾಸ್‌ಪೋರ್ಟಿನ ಪ್ರಕಾರ ಅವರಿಗೆ 100 ವರ್ಷ. 8 ಗಂಟೆ 11 ನಿಮಿಷದಲ್ಲಿ 42.195 ಕಿಲೋಮೀಟರ್ ಮುಗಿಸಿದರು. ಹಳದಿ ಪೇಟದ ಆ ಅಜ್ಜನ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಇನ್ನೊಬ್ಬರು ಎಡ್ ವಿಟ್‌ಲಾಕ್, ವಯಸ್ಸು 80. ಅವರು ತೆಗೆದುಕೊಂಡದ್ದು 3 ಗಂಟೆ 15 ನಿಮಿಷ 54 ಸೆಕೆಂಡ್. ನಮ್ಮ ಯಾವ ಊರಿನ ಕ್ಲಬ್ಬಿನಲ್ಲಾದರೂ ಮೂವತ್ತರ ಯುವಕರು ಈ ಟೈಮಿಗಾಗಿ ವರ್ಷಗಟ್ಟಲೆ ಬೆವರು ಹರಿಸುತ್ತಾರೆ.

ಫೌಜಾ ಸಿಂಗ್ ಎಲ್ಲರಿಗೂ ಗೊತ್ತು. 2000ದಲ್ಲಿ, 89ನೇ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದರು. ಮಗನನ್ನು ಕಣ್ಣೆದುರೇ ಕಳೆದುಕೊಂಡ ದುಃಖದಿಂದ ಹೊರಬರಲು ಓಟ ಹಿಡಿದವರು ಅವರು. 2013ರಲ್ಲಿ ಸ್ಪರ್ಧೆ ಬಿಟ್ಟರು. 2025ರ ಜುಲೈಯಲ್ಲಿ ತಮ್ಮ ಹಳ್ಳಿಯ ಬಳಿ ರಸ್ತೆಯಲ್ಲಿ ಕಾರು ಡಿಕ್ಕಿ ಹೊಡೆದು ತೀರಿಕೊಂಡರು. ಅವರ ಬದುಕು ದೊಡ್ಡದು. ಆದರೆ ಓಟವನ್ನು ಓಟವಾಗಿ ನೋಡುವವರು ವಿಟ್‌ಲಾಕ್ ಕಡೆಗೂ ಕಣ್ಣು ಹಾಯಿಸಬೇಕು. ನಮ್ಮಲ್ಲಿ ಆ ಹೆಸರು ಬಲ್ಲವರು ಬಹಳ ಕಡಿಮೆ.

ವಿಟ್‌ಲಾಕ್ 1931ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ಗಣಿ ಎಂಜಿನಿಯರ್. ಕಾಲೇಜು ದಿನಗಳಲ್ಲಿ ಚೆನ್ನಾಗಿ ಓಡುತ್ತಿದ್ದರು. ಕೆನಡಾಕ್ಕೆ ಹೋದ ಮೇಲೆ ಓಟ ಬಿಟ್ಟೇಹೋಯಿತು, ಮತ್ತೆ ಶುರುವಾದದ್ದು ನಲವತ್ತು ದಾಟಿದ ಮೇಲೆ. ಮ್ಯಾರಥಾನಿಗೆ ಬಂದದ್ದು ಮಗನಿಂದ. ಹದಿನಾಲ್ಕರ ಕಿರಿಯ ಮಗ ಮ್ಯಾರಥಾನ್ ಓಡಲೇಬೇಕೆಂದು ಹಠ ಹಿಡಿದ. ಇಷ್ಟು ಚಿಕ್ಕ ವಯಸ್ಸಿಗೆ ಬೇಡ ಎಂದು ಅಪ್ಪ ಹೇಳಿ ನೋಡಿದರು, ಹುಡುಗ ಕೇಳಲಿಲ್ಲ. ಒಬ್ಬನನ್ನೇ ಕಳಿಸುವುದು ಹೇಗೆಂದು ಜೊತೆಗೆ ತಾವೂ ಓಡಿದರು. ಮುಂದೆ 48ನೇ ವಯಸ್ಸಿನಲ್ಲಿ 2 ಗಂಟೆ 31 ನಿಮಿಷದ ಮ್ಯಾರಥಾನ್ ಓಡಿದರು. 2003ರಲ್ಲಿ, 72ನೇ ವಯಸ್ಸಿನಲ್ಲಿ 2:59:10ಕ್ಕೆ ಮುಗಿಸಿ, ಎಪ್ಪತ್ತು ದಾಟಿ ಮೂರು ಗಂಟೆಯೊಳಗೆ ಮ್ಯಾರಥಾನ್ ಓಡಿದ ಜಗತ್ತಿನ ಮೊದಲ ವ್ಯಕ್ತಿಯಾದರು. ಮರುವರ್ಷ, 73ರಲ್ಲಿ, 2:54:48. ಅಭ್ಯಾಸವೆಲ್ಲ ಮಿಲ್ಟನ್ ಎಂಬ ಊರಿನಲ್ಲಿ, ಮನೆಯ ಹತ್ತಿರದ ಸ್ಮಶಾನದೊಳಗೆ. ಅಲ್ಲಿ ವಾಹನಗಳ ಕಾಟವಿಲ್ಲ, ದಣಿದರೆ ಮನೆ ಪಕ್ಕದಲ್ಲೇ ಇದೆ. ನಿಧಾನವಾಗಿ, ಸುತ್ತಿನ ಮೇಲೆ ಸುತ್ತು, ಒಮ್ಮೊಮ್ಮೆ ಮೂರು ಗಂಟೆಯವರೆಗೆ ಓಡುತ್ತಿದ್ದರು. ಕೋಚ್ ಇಲ್ಲ, ವಿಶೇಷ ಆಹಾರವಿಲ್ಲ, ಕಾಲಲ್ಲಿ ವರ್ಷಗಟ್ಟಲೆ ಹಳೆಯ ಶೂ.

ಈಗ ಆ ಭಾಗಾಕಾರಕ್ಕೆ ಬರೋಣ. ಇದಕ್ಕೆ ಏಜ್ ಗ್ರೇಡಿಂಗ್ ಎನ್ನುತ್ತಾರೆ. ಒಂದು ವಯಸ್ಸಿನವರು, ಒಂದು ದೂರವನ್ನು ಜಗತ್ತಿನಲ್ಲೇ ಅತಿ ವೇಗವಾಗಿ ಎಷ್ಟು ಹೊತ್ತಿನಲ್ಲಿ ಓಡಬಲ್ಲರು ಎಂಬುದನ್ನು ಆ ವಯಸ್ಸಿನ ಮಾನದಂಡವೆಂದು ಇಟ್ಟುಕೊಳ್ಳುವುದು. ಅದನ್ನು ನಮ್ಮ ಟೈಮಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಮ್ಮ ಶೇಕಡಾವಾರು ಸಿಗುತ್ತದೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೋಷ್ಟಕಗಳಿವೆ. ನೂರರ ಹತ್ತಿರವಿದ್ದರೆ ಜಗತ್ತಿನ ದಾಖಲೆಯ ಮಟ್ಟ. 90 ದಾಟಿದರೆ ವಿಶ್ವಮಟ್ಟ, 80 ದಾಟಿದರೆ ರಾಷ್ಟ್ರಮಟ್ಟ, 70 ದಾಟಿದರೆ ಪ್ರಾದೇಶಿಕ ಮಟ್ಟ, 60 ದಾಟಿದರೆ ಸ್ಥಳೀಯ ಮಟ್ಟ ಎಂಬ ಒರಟು ವಿಂಗಡಣೆಯೂ ಚಾಲ್ತಿಯಲ್ಲಿದೆ.

ಇಪ್ಪತ್ತೈದರ ಹುಡುಗನಿಗೆ 2023ರಲ್ಲಿ ಶಿಕಾಗೋದಲ್ಲಿ ಕೆಲ್ವಿನ್ ಕಿಪ್ಟಮ್ ಓಡಿದ 2:00:35ನ್ನು ಮಾನದಂಡವಾಗಿ ಇಟ್ಟುಕೊಳ್ಳೋಣ. ಹುಡುಗನದು ಸರಿಯಾಗಿ 3 ಗಂಟೆ ಎಂದರೆ ಶೇ 67. ಎಪ್ಪತ್ತು ದಾಟಿದವರಿಗೆ ವಿಟ್‌ಲಾಕ್ ಅವರ 2:54:48ನ್ನು ಇಟ್ಟುಕೊಂಡರೆ, ನಮ್ಮ ಹಿರಿಯರ 4 ಗಂಟೆಗೆ ಸುಮಾರು ಶೇ 73 ಬರುತ್ತದೆ. ಶೇ 67ಕ್ಕೆ ಅವರು 4 ಗಂಟೆ 20 ನಿಮಿಷ ತೆಗೆದುಕೊಂಡಿದ್ದರೂ ಸಾಕಿತ್ತು. ಎಂಬತ್ತು ದಾಟಿದವರಾದರೆ, ಟೊರಾಂಟೊದ 3:15:54ರ ಲೆಕ್ಕದಲ್ಲಿ 4 ಗಂಟೆ 52 ನಿಮಿಷಕ್ಕೆ ಬಂದರೂ ಇಪ್ಪತ್ತೈದರ ಹುಡುಗನ ಮೂರು ಗಂಟೆಗೆ ಸಮ.

ಕಾಗದದ ಮೇಲೆ ಯಾವ ಲೆಕ್ಕವನ್ನಾದರೂ ಹಾಕಬಹುದು ಎನ್ನುವವರಿಗೆ ಬಾಸ್ಟನ್ ಮ್ಯಾರಥಾನ್ ಉತ್ತರ ಕೊಡುತ್ತದೆ. ಅಲ್ಲಿ ಓಡಲು ಅರ್ಹತಾ ಸಮಯ ಬೇಕು, ಅದು ವಯಸ್ಸಿನೊಂದಿಗೆ ಬದಲಾಗುತ್ತದೆ. 2020ರಿಂದ 2025ರವರೆಗಿನ ಓಟಗಳಿಗೆ 18ರಿಂದ 34ರ ಗಂಡಸರಿಗೆ ಇದ್ದದ್ದು 3 ಗಂಟೆ. 70ರಿಂದ 74ರವರಿಗೆ 4 ಗಂಟೆ 20 ನಿಮಿಷ. 80 ದಾಟಿದವರಿಗೆ 4 ಗಂಟೆ 50 ನಿಮಿಷ. ನಾವು ಮೇಲೆ ಭಾಗಿಸಿ ಪಡೆದ ಅಂಕಿಗಳಿಗೂ ಇವಕ್ಕೂ ಹೆಚ್ಚೆಂದರೆ ಎರಡು ನಿಮಿಷದ ವ್ಯತ್ಯಾಸ. ಓಟದ ಜಗತ್ತಿನಲ್ಲಿ ಅತ್ಯಂತ ಮರ್ಯಾದೆಯುಳ್ಳ ಸಾಲಿನಲ್ಲಿ ನಿಲ್ಲಲು ಮೂರು ಗಂಟೆಯ ಮೊಮ್ಮಗನಿಗೂ ನಾಲ್ಕು ಗಂಟೆ ಇಪ್ಪತ್ತು ನಿಮಿಷದ ಅಜ್ಜನಿಗೂ ಆ ವರ್ಷಗಳಲ್ಲಿ ಒಂದೇ ಹಕ್ಕಿತ್ತು.

ನಾನು ದಾಖಲೆ ಬರೆದ ಟೈಮುಗಳನ್ನೇ ನೇರವಾಗಿ ಮಾನದಂಡ ಮಾಡಿಕೊಂಡದ್ದು ವಿವರಣೆ ಸುಲಭವಾಗಲೆಂದು. ನಿಜವಾದ ಕೋಷ್ಟಕಗಳು ಒಬ್ಬ ಅಸಾಮಾನ್ಯ ಓಟಗಾರನ ಮೇಲೆ ನಿಂತಿಲ್ಲ. ಎಲ್ಲ ವಯಸ್ಸಿನ ಅತ್ಯುತ್ತಮ ಟೈಮುಗಳನ್ನು ಗ್ರಾಫಿನ ಮೇಲೆ ಗುರುತಿಸಿ, ಅವುಗಳ ಮೇಲೊಂದು ನಯವಾದ ಗೆರೆ ಎಳೆದು, ಪ್ರತಿ ವಯಸ್ಸಿಗೂ ಒಂದು ಗುಣಾಂಕ ತೆಗೆಯುತ್ತಾರೆ. ಹಿರಿಯ ಕ್ರೀಡಾಪಟುಗಳ ಜಾಗತಿಕ ಒಕ್ಕೂಟ 1977ರಲ್ಲಿ ಹುಟ್ಟಿತು, ಈಗ ಅದರ ಹೆಸರು ವರ್ಲ್ಡ್ ಮಾಸ್ಟರ್ಸ್ ಅಥ್ಲೆಟಿಕ್ಸ್. ಅದು ಮೂವತ್ತೈದರಿಂದ ಮೇಲಕ್ಕೆ ಐದೈದು ವರ್ಷದ ಗುಂಪು ಮಾಡಿ ಸ್ಪರ್ಧೆ ನಡೆಸುತ್ತದೆ. ಕೋಷ್ಟಕಗಳನ್ನು ಕೆಲವು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ, ಏಕೆಂದರೆ ಹಿರಿಯರ ದಾಖಲೆಗಳು ಒಂದೇ ಸಮನೆ ಮುರಿಯುತ್ತಿವೆ. 2018ರ ಡಿಸೆಂಬರಿನಲ್ಲಿ ಅಮೆರಿಕದ ಜೀನ್ ಡೈಕ್ಸ್ ಎಂಬ ಎಪ್ಪತ್ತರ ಓಟಗಾರ 2:54:23ಕ್ಕೆ ಬಂದು ವಿಟ್‌ಲಾಕ್ ಅವರನ್ನು 25 ಸೆಕೆಂಡಿನಿಂದ ಹಿಂದೆ ಹಾಕಿದರು. ಆದರೆ ಆ ಓಟಕ್ಕೆ ಕ್ರೀಡಾ ಸಂಸ್ಥೆಯ ವಿಧಿವತ್ತಾದ ಮಾನ್ಯತೆ ಇರಲಿಲ್ಲವಾದ್ದರಿಂದ ಅದು ದಾಖಲೆಯಾಗಲಿಲ್ಲ. ಹಿರಿಯರ ಓಟದಲ್ಲೂ ನಿಯಮ ಇಷ್ಟು ಕಟ್ಟುನಿಟ್ಟು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ವಯಸ್ಸಾಯಿತು ಪಾಪ, ಇರಲಿ ಬಿಡಿ ಎಂಬ ರಿಯಾಯಿತಿ ಅಲ್ಲಿಲ್ಲ.

ವಯಸ್ಸಾದಂತೆ ವೇಗ ಏಕೆ ಇಳಿಯುತ್ತದೆ? ಮೊದಲ ಕಾರಣ ಹೃದಯದ ಬಡಿತ. ಜೋರಾಗಿ ಓಡುವಾಗ ಹೃದಯ ನಿಮಿಷಕ್ಕೆ ಗರಿಷ್ಠ ಎಷ್ಟು ಸಲ ಬಡಿಯಬಲ್ಲದು ಎಂಬುದು ವಯಸ್ಸಿನೊಂದಿಗೆ ತಗ್ಗುತ್ತಾ ಹೋಗುತ್ತದೆ. 208ರಿಂದ ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು ಕಳೆಯಿರಿ ಎಂಬುದು ಸರಾಸರಿ ಸೂತ್ರ. ಇಪ್ಪತ್ತೈದಕ್ಕೆ ಸುಮಾರು 190, ಎಪ್ಪತ್ತಕ್ಕೆ 159. ಎಷ್ಟೇ ಅಭ್ಯಾಸ ಮಾಡಿದರೂ ಈ ಇಳಿತವನ್ನು ತಡೆಯಲಾಗದು. ಎರಡನೆಯದು, ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿ, ಓಟಗಾರರ ಬಾಯಲ್ಲಿ ವಿಓ2 ಮ್ಯಾಕ್ಸ್. ವ್ಯಾಯಾಮವಿಲ್ಲದವರಲ್ಲಿ ಅದು ಹತ್ತು ವರ್ಷಕ್ಕೆ ಸುಮಾರು ಶೇ 10ರಷ್ಟು ಕುಸಿಯುತ್ತದೆ. ಗಟ್ಟಿ ಅಭ್ಯಾಸ ಬಿಡದವರಲ್ಲಿ ಕುಸಿತ ಹೆಚ್ಚುಕಡಿಮೆ ಅದರ ಅರ್ಧ. ಮನುಷ್ಯನ ಕೈಯಲ್ಲಿರುವುದು ಈ ಅರ್ಧ. ಇದರ ಜೊತೆಗೆ ವೇಗಕ್ಕೆ ಬೇಕಾದ ಸ್ನಾಯುತಂತುಗಳು ಮೊದಲು ಸವೆಯುತ್ತವೆ, ಹೆಜ್ಜೆ ಗಿಡ್ಡವಾಗುತ್ತದೆ, ಒಂದು ಲಾಂಗ್ ರನ್ ಆದಮೇಲೆ ಚೇತರಿಸಿಕೊಳ್ಳಲು ಇನ್ನೆರಡು ದಿನ ಹೆಚ್ಚು ಬೇಕಾಗುತ್ತದೆ.

ಇಳಿಜಾರು ಒಂದೇ ಸಮನಾಗಿರುವುದೂ ಇಲ್ಲ. ವಿಟ್‌ಲಾಕ್ ಅವರ ಟೈಮುಗಳನ್ನೇ ನೋಡಿ. 73ರಿಂದ 80ರವರೆಗಿನ ಏಳು ವರ್ಷದಲ್ಲಿ ಅವರು ಕಳೆದುಕೊಂಡದ್ದು 21 ನಿಮಿಷ, ವರ್ಷಕ್ಕೆ ಮೂರು ನಿಮಿಷದಂತೆ. 80ರಿಂದ 85ರವರೆಗಿನ ಐದೇ ವರ್ಷದಲ್ಲಿ 40 ನಿಮಿಷಕ್ಕೂ ಹೆಚ್ಚು, ಅಂದರೆ ವರ್ಷಕ್ಕೆ ಎಂಟು ನಿಮಿಷ. 2016ರ ಅಕ್ಟೋಬರಿನಲ್ಲಿ, 85ನೇ ವಯಸ್ಸಿನಲ್ಲಿ, ಅವರು 3:56:34ಕ್ಕೆ ಓಟ ಮುಗಿಸಿ ಆ ವಯಸ್ಸಿನಲ್ಲಿ ನಾಲ್ಕು ಗಂಟೆಯೊಳಗೆ ಬಂದ ಮೊದಲಿಗರಾದರು. ಐದು ತಿಂಗಳ ನಂತರ ಕ್ಯಾನ್ಸರಿನಿಂದ ತೀರಿಕೊಂಡರು. ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು ಕಳೆದ ವರ್ಷಕ್ಕಿಂತ ಐದು ನಿಮಿಷ ತಡವಾಗಿ ಬಂದಾಗ ಮುಖ ಬಾಡಿಸಿಕೊಂಡರೆ ಈ ಲೆಕ್ಕ ಅವರಿಗೆ ಹೇಳಬೇಕು. ಅವರ ವೇಗ ಇಳಿದಿದೆ, ಶೇಕಡಾವಾರು ಏರಿರಲೂಬಹುದು.

ಓಟದಿಂದ ಮಂಡಿ ಸವೆಯುತ್ತದೆ, ಈ ವಯಸ್ಸಿನಲ್ಲಿ ಯಾಕೆ ಬೇಕು ಇದೆಲ್ಲ ಎಂಬ ಮಾತು ಪ್ರತಿ ಮನೆಯಲ್ಲೂ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು 1984ರಲ್ಲಿ ಒಂದು ಅಧ್ಯಯನ ಶುರುಮಾಡಿದರು. ಅವರು ಆರಿಸಿಕೊಂಡದ್ದು ಐವತ್ತು ದಾಟಿದ 538 ಮಂದಿಯನ್ನು, ಎಲ್ಲರೂ ಓಟದ ಸಂಘವೊಂದರ ಸದಸ್ಯರು. ಹೋಲಿಕೆಗೆ ಓಡದ 423 ಆರೋಗ್ಯವಂತರು. ಎರಡೂ ಗುಂಪನ್ನು ಎರಡು ದಶಕ ಹಿಂಬಾಲಿಸಿದರು. 19 ವರ್ಷದ ಹೊತ್ತಿಗೆ ಓಟಗಾರರಲ್ಲಿ ಶೇ 15ರಷ್ಟು, ಓಡದವರಲ್ಲಿ ಶೇ 34ರಷ್ಟು ಮಂದಿ ತೀರಿಕೊಂಡಿದ್ದರು. ಎದ್ದು ಕೂರಲು, ನಡೆಯಲು, ಕೈಯೆತ್ತಲು ತೊಡಕಾಗುವ ಸ್ಥಿತಿ ಓಟಗಾರರಿಗೆ ಬಹಳ ವರ್ಷ ತಡವಾಗಿ ಬಂತು. ಇದೇ ಯೋಜನೆಯ ಇನ್ನೊಂದು ಭಾಗವಾಗಿ ಮಂಡಿಯ ಎಕ್ಸ್‌ರೇಗಳನ್ನು ವರ್ಷಾನುಗಟ್ಟಲೆ ನೋಡಿದರು. ಓಟಗಾರರ ಮಂಡಿ ಬೇರೆಯವರದಕ್ಕಿಂತ ಹೆಚ್ಚು ಸವೆದಿರಲಿಲ್ಲ. ಆರೋಗ್ಯವಾಗಿದ್ದವರೇ ಓಟಕ್ಕೆ ಬಂದಿರಬಹುದಲ್ಲ ಎಂಬ ಪ್ರಶ್ನೆ ಇಂಥ ಎಲ್ಲ ಅಧ್ಯಯನಗಳಿಗೂ ಇರುತ್ತದೆ. ಆ ಎಚ್ಚರ ಇಟ್ಟುಕೊಂಡೂ ಹೇಳಬಹುದು: ಓಟ ಹಿರಿಯರನ್ನು ಬೇಗ ಮುಗಿಸುತ್ತದೆ ಎಂಬ ಭಯಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ.

ಹೃದಯದ ಭಯ ಬೇರೆ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ 46ನೇ ವಯಸ್ಸಿಗೇ ಹೋದಾಗ ಇಡೀ ಕರ್ನಾಟಕ ತತ್ತರಿಸಿತು. ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಆ ಭಯ ಮನುಷ್ಯಸಹಜ, ಅದರಿಂದ ಒಳ್ಳೆಯದೂ ಆಯಿತು. ಐವತ್ತು ದಾಟಿ ಹೊಸದಾಗಿ ಓಟಕ್ಕೆ ಇಳಿಯುವವರು ಮೊದಲು ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮನೆತನದಲ್ಲಿ ಹೃದ್ರೋಗ ಇದ್ದವರು ಇದನ್ನು ತಪ್ಪಿಸಲೇಬಾರದು. ಓಡುವಾಗ ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಬೇಕು. ಆ ದಿನದ ಟೈಮು ಯಾವ ಲೆಕ್ಕಕ್ಕೂ ಬೇಡ.

ಎಲ್ಲ ಹಿರಿಯರೂ ವಿಟ್‌ಲಾಕ್ ಅವರಂತೆ ಯೌವನದಲ್ಲಿ ಓಡಿದವರಲ್ಲ. ನಮ್ಮ ಕ್ಲಬ್ಬುಗಳ ಬಹುಪಾಲು ಹಿರಿಯರು, ಅದರಲ್ಲೂ ಹೆಂಗಸರು, ಮಕ್ಕಳ ಓದು ಮುಗಿಸಿ, ಮದುವೆ ಮಾಡಿ, ಆಮೇಲೆ ಶೂ ಕಟ್ಟಿದವರು. ಅಂಥವರಿಗಾಗಿ ಜೀನೀ ರೈಸ್ ಅವರ ಕಥೆ ಹೇಳಬೇಕು. 1948ರಲ್ಲಿ ಕೊರಿಯಾದಲ್ಲಿ ಹುಟ್ಟಿ ಅಮೆರಿಕದ ಒಹಾಯೊದಲ್ಲಿ ನೆಲೆಸಿದವರು. ಸ್ವಲ್ಪ ತೂಕ ಇಳಿಸೋಣ ಎಂದು ಓಡಲು ಶುರುಮಾಡಿದ್ದು 35ರಲ್ಲಿ. 2018ರಲ್ಲಿ, 70ನೇ ವಯಸ್ಸಿನಲ್ಲಿ, ಶಿಕಾಗೋದಲ್ಲಿ 3:27:50ಕ್ಕೆ ಬಂದು ತಮ್ಮ ವಯೋವರ್ಗದ ವಿಶ್ವದಾಖಲೆ ಮಾಡಿದರು. 2024ರಲ್ಲಿ ಲಂಡನ್ನಿನಲ್ಲಿ, 76ನೇ ವಯಸ್ಸಿನಲ್ಲಿ, 3:33:27. ಆರು ವರ್ಷದಲ್ಲಿ ಹೋದದ್ದು ಆರು ನಿಮಿಷವೂ ಅಲ್ಲ. ಇನ್ನು ಚಂಡೀಗಢದ ಮಾನ್ ಕೌರ್ ಓಟ ಕಲಿತದ್ದೇ 93ರಲ್ಲಿ, ಮಗನ ಒತ್ತಾಯದಿಂದ. 101ನೇ ವಯಸ್ಸಿನಲ್ಲಿ ಆಕ್ಲೆಂಡಿನ ವರ್ಲ್ಡ್ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ 100 ಮೀಟರನ್ನು 74 ಸೆಕೆಂಡಿನಲ್ಲಿ ಓಡಿದರು. ತಡವಾಗಿ ಬಂದವರಿಗೆ ಒಂದು ಅನುಕೂಲ ಉಂಟು. ಅವರ ದೇಹಕ್ಕೆ ವಯಸ್ಸಾಗಿದ್ದರೂ ಅಭ್ಯಾಸಕ್ಕೆ ಇನ್ನೂ ವಯಸ್ಸಾಗಿಲ್ಲ. ಆದ್ದರಿಂದಲೇ ಅರವತ್ತರಲ್ಲೂ ಅವರು ವರ್ಷದಿಂದ ವರ್ಷಕ್ಕೆ ಹೊಸ ಪಿಬಿ, ಅಂದರೆ ತಮ್ಮ ಅತ್ಯುತ್ತಮ ಟೈಮು, ಕಾಣುವುದುಂಟು. ಮೂವತ್ತು ವರ್ಷದಿಂದ ಓಡುತ್ತಿರುವವರಿಗೆ ಆ ಸುಖ ಅಪರೂಪ.

ಇಲ್ಲಿಯವರೆಗೆ ಹಿರಿಯರ ಟೈಮನ್ನು ಮೇಲೆತ್ತಿ ಓದುವ ಮಾತಾಯಿತು. ಮಕ್ಕಳ ವಿಷಯದಲ್ಲಿ ನಾವು ಮಾಡುವ ತಪ್ಪು ತದ್ವಿರುದ್ಧವಾದದ್ದು. ಅವರ ಟೈಮಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಬೆಲೆ ಕೊಟ್ಟುಬಿಡುತ್ತೇವೆ.

2006ರ ಮೇ 2ರಂದು ಒಡಿಶಾದ ಬುಧಿಯಾ ಸಿಂಗ್ ಎಂಬ ನಾಲ್ಕು ವರ್ಷದ ಹುಡುಗ ಪುರಿಯಿಂದ ಭುವನೇಶ್ವರದ ಕಡೆಗೆ 65 ಕಿಲೋಮೀಟರ್ ಓಡಿದ. ಏಳು ಗಂಟೆ ಎರಡು ನಿಮಿಷ. ಮೇ ತಿಂಗಳ ಒಡಿಶಾದ ಸೆಕೆ ಹೇಗಿರುತ್ತದೆಂದು ಯೋಚಿಸಿ. ರಸ್ತೆಯ ಇಕ್ಕೆಲಗಳಲ್ಲಿ ಜನ ಚಪ್ಪಾಳೆ ತಟ್ಟಿದರು, ಟಿವಿ ವಾಹಿನಿಗಳು ಹಿಂದೆ ಬಿದ್ದವು, ಕೊನೆಯಲ್ಲಿ ಮಗು ಕುಸಿಯಿತು. ಆಮೇಲೆ ಸರ್ಕಾರ ಅವನ ದೂರದ ಓಟಗಳನ್ನು ನಿಲ್ಲಿಸಿ ಕ್ರೀಡಾ ಹಾಸ್ಟೆಲಿಗೆ ಸೇರಿಸಿತು. 2016ರಲ್ಲಿ ಅವನ ಬಗ್ಗೆ ಸಿನಿಮಾ ಬಂತು. ಆದರೆ ಜನ ಅವತ್ತು ಕಂಡ ಕನಸಿನ ಒಲಿಂಪಿಕ್ ಓಟಗಾರ ಬರಲಿಲ್ಲ. ತಡೆದದ್ದರಿಂದ ಹೀಗಾಯಿತು ಎನ್ನುವವರು ಈಗಲೂ ಇದ್ದಾರೆ. ನನ್ನ ಅಭಿಪ್ರಾಯ ಸ್ಪಷ್ಟ: ನಾಲ್ಕು ವರ್ಷದ ಮಗುವನ್ನು 65 ಕಿಲೋಮೀಟರ್ ಓಡಿಸಬಾರದಿತ್ತು. ತಡೆದದ್ದು ಸರಿ. ಚಪ್ಪಾಳೆ ತಟ್ಟಿದ ಎಲ್ಲರಿಗೂ ಅದರಲ್ಲಿ ಪಾಲಿದೆ.

ನಮ್ಮ ಊರುಗಳಲ್ಲಿ ಇಷ್ಟು ಅತಿರೇಕ ನಡೆಯುವುದಿಲ್ಲ. ಆದರೆ ಹನ್ನೆರಡರ ಮಗನಿಂದ ಹಾಫ್ ಮ್ಯಾರಥಾನ್ ಓಡಿಸಿ ಚಿತ್ರ ಹಾಕುವ ಅಪ್ಪಂದಿರಿದ್ದಾರೆ. ಬೆಳೆಯುವ ಮಕ್ಕಳ ಮೂಳೆಗಳ ತುದಿಯಲ್ಲಿ ಮೆದು ಎಲುಬಿನ ಪದರವಿರುತ್ತದೆ, ಮೂಳೆ ಉದ್ದವಾಗುವುದೇ ಅಲ್ಲಿ. ಹೆಣ್ಣುಮಕ್ಕಳಲ್ಲಿ ಅದು ಸುಮಾರು ಹದಿನೈದು, ಗಂಡುಮಕ್ಕಳಲ್ಲಿ ಹದಿನೇಳರ ಆಸುಪಾಸಿನವರೆಗೆ ಗಟ್ಟಿಯಾಗಿರುವುದಿಲ್ಲ. ಮೂಳೆ ಬೇಗ ಉದ್ದವಾಗಿ ಸ್ನಾಯು ಹಿಂದೆ ಬಿದ್ದಾಗ, ಒಂದೇ ಬಗೆಯ ಹೊಡೆತ ದಿನವೂ ಬಿದ್ದರೆ, ಹಿಮ್ಮಡಿ ನೋಯುತ್ತದೆ, ಮಂಡಿಯ ಚಿಪ್ಪಿನ ಕೆಳಗೆ ಊದಿಕೊಳ್ಳುತ್ತದೆ. ಮಕ್ಕಳ ವೈದ್ಯರಿಗೆ ಇವೆರಡೂ ಚಿರಪರಿಚಿತ ದೂರುಗಳು. ಬೆಳೆಯುವ ವಯಸ್ಸಿನ ಹೆಣ್ಣುಮಕ್ಕಳು ಓಟಕ್ಕೆ ತಕ್ಕಷ್ಟು ಊಟ ಮಾಡದಿದ್ದರೆ ಮುಟ್ಟು ನಿಲ್ಲಬಹುದು, ಮೂಳೆ ಬಡವಾಗಬಹುದು. ತೆಳ್ಳಗಾದಷ್ಟೂ ವೇಗ ಎಂದು ಕಲಿಸುವ ಕೋಚ್‌ನಿಂದ ಮಗಳನ್ನು ಬಿಡಿಸಿಕೊಂಡು ಬರುವುದು ಒಳ್ಳೆಯದು.

ಅಥ್ಲೆಟಿಕ್ಸಿನ ನಿಯಮಗಳಲ್ಲಿ ಈ ವಿವೇಕ ಇದೆ. ಲಂಡನ್, ಬಾಸ್ಟನ್, ಮುಂಬಯಿಯಂಥ ದೊಡ್ಡ ಮ್ಯಾರಥಾನುಗಳಿಗೆ 18 ತುಂಬಿರಬೇಕು. ವಿಶ್ವ ಕ್ರಾಸ್ ಕಂಟ್ರಿ ಸ್ಪರ್ಧೆಯಲ್ಲಿ 20ರೊಳಗಿನ ಹುಡುಗರಿಗೆ ಕೊಡುವುದೇ 8 ಕಿಲೋಮೀಟರ್, ಹುಡುಗಿಯರಿಗೆ 6. ಅವರು ಜಗತ್ತಿನ ಅತ್ಯಂತ ಪ್ರತಿಭಾವಂತ ಮಕ್ಕಳು ಎಂಬುದನ್ನು ನೆನಪಿಡಬೇಕು. ಎಲಿಯುಡ್ ಕಿಪ್ಚೋಗೆ 18ನೇ ವಯಸ್ಸಿನಲ್ಲಿ, 2003ರಲ್ಲಿ, 5000 ಮೀಟರಿನ ವಿಶ್ವ ಚಾಂಪಿಯನ್ ಆದ. ಅವನು ಮೊದಲ ಮ್ಯಾರಥಾನ್ ಓಡಿದ್ದು ಅದಾಗಿ ಹತ್ತು ವರ್ಷಕ್ಕೆ. ಅವನ ಅತ್ಯುತ್ತಮ 2:01:09 ಬಂದದ್ದು 2022ರಲ್ಲಿ, 37ನೇ ವಯಸ್ಸಿನಲ್ಲಿ.

ಏಜ್ ಗ್ರೇಡಿಂಗ್ ಕೋಷ್ಟಕಗಳಲ್ಲಿ ಮಕ್ಕಳಿಗೂ ಗುಣಾಂಕಗಳಿವೆ. ಹಾಗೆಂದು ಅವನ್ನು ಮಕ್ಕಳ ಮುಂದೆ ಇಡಬಾರದು ಎನ್ನುತ್ತೇನೆ. ಎಪ್ಪತ್ತರ ಇಬ್ಬರೂ ಬೆಳವಣಿಗೆ ಮುಗಿಸಿದವರು, ಹದಿಮೂರರ ಇಬ್ಬರು ಹಾಗಲ್ಲ. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ಇವತ್ತು ಗೆಲ್ಲುವವನು ಹೆಚ್ಚಾಗಿ ಬೇಗ ಬೆಳೆದವನು, ಹೆಚ್ಚು ಪ್ರತಿಭೆಯವನೇ ಆಗಬೇಕಿಲ್ಲ. ತಡವಾಗಿ ಬೆಳೆಯುವ ಹುಡುಗ ಮೂರು ವರ್ಷ ಸೋಲುತ್ತಲೇ ಇದ್ದು ಮನನೊಂದು ಓಟ ಬಿಟ್ಟರೆ, ಅವನು ಏನಾಗಬಹುದಿತ್ತು ಎಂಬುದು ಯಾರಿಗೂ ತಿಳಿಯುವುದಿಲ್ಲ. ತಾಲ್ಲೂಕಿನಿಂದ ಮೈಸೂರಿನವರೆಗೆ ಸಾಗುವ ದಸರಾ ಕ್ರೀಡಾಕೂಟದಲ್ಲಿ, ಶಾಲಾ ಕೂಟಗಳಲ್ಲಿ ಎಷ್ಟೋ ಮಕ್ಕಳು ಮಿಂಚುತ್ತಾರೆ. ಇಪ್ಪತ್ತೆರಡರ ಹೊತ್ತಿಗೆ ಅವರಲ್ಲಿ ಎಷ್ಟು ಮಂದಿ ಇನ್ನೂ ಓಡುತ್ತಿದ್ದಾರೆ ಎಂಬುದೇ ಆ ಕ್ರೀಡಾಕೂಟಗಳಿಗೆ ನಿಜವಾದ ಅಳತೆಗೋಲು.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಹುಟ್ಟಿದ ದಿನಾಂಕದ ಮೇಲೆ, ನಮ್ಮ ದೇಶದಲ್ಲಿ ಅದೇ ಸಡಿಲ. ಟೊರಾಂಟೊದಲ್ಲಿ ಫೌಜಾ ಸಿಂಗ್ ಮಾಡಿದ ಸಾಧನೆಯನ್ನು ಗಿನ್ನೆಸ್ ದಾಖಲೆಗೆ ಸೇರಿಸಲಿಲ್ಲ, ಏಕೆಂದರೆ ಅವರ ಬಳಿ ಜನನ ಪ್ರಮಾಣಪತ್ರ ಇರಲಿಲ್ಲ. ಬ್ರಿಟಿಷರ ಕಾಲದ ಪಂಜಾಬಿನ ರೈತನ ಮನೆಯಲ್ಲಿ ಅದು ಎಲ್ಲಿಂದ ಬರಬೇಕು? ನಮ್ಮಲ್ಲೂ ಎಷ್ಟೋ ಹಿರಿಯರ ಹುಟ್ಟುಹಬ್ಬ ಜೂನ್ 1ಕ್ಕೇ ಬರುತ್ತದೆ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿಗೆ ಬರೆದುಕೊಂಡದ್ದು. ಹಿರಿಯರ ಮಟ್ಟಿಗೆ ಒಂದೆರಡು ವರ್ಷ ಆಚೀಚೆಯಾದರೆ ಯಾರಿಗೂ ನಷ್ಟವಿಲ್ಲ. ಮಕ್ಕಳ ಕೂಟಗಳಲ್ಲಿ ವಯಸ್ಸು ಕಡಿಮೆ ತೋರಿಸುವುದು ಮಾತ್ರ ಪಕ್ಕದ ಟ್ರ್ಯಾಕಿನಲ್ಲಿ ಓಡುವ ಮಗುವಿನಿಂದ ಪದಕ ಕದ್ದಂತೆ. ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ಅಳೆಯಬೇಕಾದ ಸ್ಥಿತಿ ಭಾರತದ ಅಥ್ಲೆಟಿಕ್ಸಿಗೆ ಬಂದಿದೆ. ಅದಕ್ಕೆ ಮಕ್ಕಳು ಕಾರಣರಲ್ಲ, ದೊಡ್ಡವರು.

ನಮ್ಮ ಓಟಗಳ ಆಯೋಜಕರಿಗೂ ಒಂದು ಕೋರಿಕೆ. 2008ರಲ್ಲಿ ಶುರುವಾದ ಬೆಂಗಳೂರಿನ 10ಕೆ ಹಬ್ಬದಲ್ಲಿ ಹಿರಿಯ ನಾಗರಿಕರಿಗೆ ಪ್ರತ್ಯೇಕ ಓಟವಿದೆ, ಅದು ಖುಷಿಯ ಓಟ, ಇರಲಿ. ಆದರೆ ಪೂರ್ತಿ ದೂರ ಓಡುವ ಹಿರಿಯರನ್ನು ರಾಜ್ಯದ ಎಷ್ಟೋ ಸ್ಪರ್ಧೆಗಳು ‘45 ಮೇಲ್ಪಟ್ಟವರು’ ಅಥವಾ ‘60 ಮೇಲ್ಪಟ್ಟವರು’ ಎಂಬ ಒಂದೇ ಚೀಲಕ್ಕೆ ತುಂಬುತ್ತವೆ. 46ರವರೂ 71ರವರೂ ಒಂದೇ ಪೋಡಿಯಮ್ಮಿಗೆ ಪೈಪೋಟಿ ನಡೆಸಬೇಕು. 71ರ ಅಜ್ಜಿ ಅಸಾಧಾರಣವಾಗಿ ಓಡಿದರೂ ಅವರಿಗೆ ಸಿಗುವುದು ಎಲ್ಲರಿಗೂ ಕೊಡುವ ಫಿನಿಶರ್ ಮೆಡಲ್. ಐದೈದು ವರ್ಷದ ವರ್ಗ ಮಾಡಿದರೆ ಟ್ರೋಫಿಗಳ ಖರ್ಚು ಹೆಚ್ಚುತ್ತದೆ ಎನ್ನುವವರು ಖರ್ಚಿಲ್ಲದ ದಾರಿ ಹಿಡಿಯಬಹುದು. ಬ್ರಿಟನ್ನಿನಲ್ಲಿ 2004ರಲ್ಲಿ ಹದಿಮೂರು ಜನರಿಂದ ಶುರುವಾಗಿ ಈಗ ಅನೇಕ ದೇಶಗಳಿಗೆ ಹಬ್ಬಿರುವ ಪಾರ್ಕ್‌ರನ್ ಎಂಬ ಶನಿವಾರದ ಉಚಿತ ಓಟದಲ್ಲಿ ಬಹುಮಾನವೇ ಇಲ್ಲ. ಆದರೆ ಪ್ರತಿ ಹೆಸರಿನ ಮುಂದೆ ಟೈಮಿನ ಜೊತೆಗೆ ಏಜ್ ಗ್ರೇಡಿಂಗ್ ಶೇಕಡಾವಾರು ಅಚ್ಚಾಗಿರುತ್ತದೆ. ನಲವತ್ತನೆಯವರಾಗಿ ಬಂದ ಅಜ್ಜಿಯೊಬ್ಬರು ಆ ಕಾಲಂನಲ್ಲಿ ಮೊದಲಿಗರಾಗಿರುವುದು ಅಲ್ಲಿ ಮಾಮೂಲಿ.

ಕ್ಲಬ್ಬುಗಳು ಆಯೋಜಕರಿಗಾಗಿ ಕಾಯಬೇಕಿಲ್ಲ. ಕೋಷ್ಟಕಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ, ಕ್ಲಬ್ಬಿನಲ್ಲಿ ಎಕ್ಸೆಲ್ ಬಲ್ಲವರೊಬ್ಬರು ಇದ್ದೇ ಇರುತ್ತಾರೆ. ಮುಂದಿನ ಭಾನುವಾರದ ಪಟ್ಟಿ ಗುಂಪಿಗೆ ಹಾಕುವ ಮೊದಲು ಒಂದು ಕಾಲಂ ಸೇರಿಸಿ, ಅದರ ಪ್ರಕಾರ ಹೆಸರುಗಳನ್ನು ಮೇಲೆ ಕೆಳಗೆ ಜೋಡಿಸಿ. ಮೊದಲ ಸಲ ಯಾರ ಹೆಸರು ಮೇಲೆ ಬಂತೋ ಅವರನ್ನು ಓಟ ಮುಗಿಸಿ ಇಡ್ಲಿ ತಿನ್ನುವ ಹೊತ್ತಿಗೆ ಕೂರಿಸಿಕೊಂಡು, ವಾರಕ್ಕೆ ಎಷ್ಟು ದಿನ ಓಡುತ್ತೀರಿ, ಎಷ್ಟು ದಿನ ವಿಶ್ರಾಂತಿ, ಪೇಸ್ ಹೇಗೆ ಹಿಡಿದಿರಿ ಎಂದು ಹುಡುಗರಿಂದ ಕೇಳಿಸಿ. 18ರ ಕೆಳಗಿನವರ ಹೆಸರಿನ ಮುಂದೆ ಆ ಕಾಲಂ ಖಾಲಿ ಬಿಡಿ. ಅಲ್ಲಿ ಬರೆಯಬೇಕಾದ್ದು ಬೇರೆ: ಆ ಹದಿನಾಲ್ಕರ ಹುಡುಗಿ ಗಾಯವಿಲ್ಲದೆ ಎಷ್ಟು ತಿಂಗಳಿಂದ ಓಡುತ್ತಿದ್ದಾಳೆ, ಓಟದ ಜೊತೆಗೆ ಇನ್ನು ಯಾವ ಆಟ ಆಡುತ್ತಾಳೆ.